ಅಡಿಕೆ ಕೊಯ್ಲಿನ ಕೂಲಿ ಲೆಕ್ಕಕ್ಕೊಂದು ಆಪ್: ದುಡ್ಡು ಹೋದದ್ದೆಲ್ಲಿ, ಉಳಿದದ್ದೆಲ್ಲಿ

ಸಾಗರದ ಕಡೆ ನಮ್ಮದೂ ಸೇರಿ ಆರು ಮನೆಗಳಿಗೆ ಕೂಲಿ ಲೆಕ್ಕದ ಆಪ್ ಮಾಡುತ್ತಿದ್ದೇನೆ. ಕೊನೆ (ಅಡಿಕೆ ಗೊಂಚಲು) ಕೊಯ್ದವರಿಗೆ ಕೊನೆ ಲೆಕ್ಕ, ಸುಲಿದವರಿಗೆ ಡಬ್ಬದ ಲೆಕ್ಕ, ಉಳಿದವರಿಗೆ ದಿನಗೂಲಿ. ನಡುನಡುವೆ ಕೊಟ್ಟ ಮುಂಗಡ ಕಳೆದು ವಾರದ ಬಾಕಿ ಹೇಳಬೇಕು, ಅಷ್ಟೇ. ಮನೆಗೆ ಇಬ್ಬರಂತೆ ಹನ್ನೆರಡು ಜನ ಬಳಸುತ್ತಾರೆ. ಕೋಡ್ ಬರೆಯುವುದು ನನ್ನ ವೃತ್ತಿಯಲ್ಲ, ಹಾಗಾಗಿ ಲೋ-ಕೋಡ್, ಅಂದರೆ ಹೆಚ್ಚು ಕೋಡ್ ಬರೆಯದೆ ಸಿದ್ಧ ತುಣುಕು ಜೋಡಿಸಿ ಆಪ್ ಕಟ್ಟುವ ದಾರಿ. ಖರ್ಚಿನ ವಿಷಯ ಕೇಳಿದವರಿಗೆಲ್ಲ ಒಂದೇ ಸಲ ಹೇಳಿದಂತಾಗಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ಡಾಲರಿಗೆ 85 ರೂಪಾಯಿ ಹಿಡಿದಿದ್ದೇನೆ. ಬೆಲೆಗಳು ನಾನು ನೋಡಿದಾಗ ಇದ್ದವು. ಈ ಕಂಪನಿಗಳು ದರಪಟ್ಟಿಯನ್ನು ಆಗಾಗ ಬದಲಿಸುತ್ತವೆ.

ಜುಲೈ

ಇಡೀ ತಿಂಗಳು ಉಪಕರಣ ಆರಿಸುವುದರಲ್ಲೇ ಹೋಯಿತು. ಬೇಸರವಿಲ್ಲ, ಖರ್ಚು ತೀರ್ಮಾನವಾಗುವುದೇ ಇಲ್ಲಿ.

ಮೊದಲು ನೋಡಿದ್ದು ಆಪ್‌ಶೀಟ್. 2020ರಲ್ಲಿ ಗೂಗಲ್ ಕೊಂಡುಕೊಂಡದ್ದು. ಗೂಗಲ್ ಶೀಟ್ ಒಂದನ್ನು ತೋರಿಸಿದರೆ ಅರ್ಧ ಗಂಟೆಯಲ್ಲಿ ಫಾರಂ, ಪಟ್ಟಿ, ಒಟ್ಟು ಮೊತ್ತ ಎಲ್ಲ ತಯಾರು. ನೆಟ್‌ವರ್ಕ್ ಇಲ್ಲದ ತೋಟದಲ್ಲಿ ಬರೆದದ್ದನ್ನು ಮನೆಗೆ ಬಂದಮೇಲೆ ತಾನೇ ಶೀಟಿಗೆ ಸೇರಿಸುತ್ತದೆ. ಪ್ರಯೋಗದ ಹಂತದಲ್ಲಿ ಹತ್ತು ಜನರವರೆಗೆ ಪುಕ್ಕಟೆ. ನಿಜವಾದ ಬಳಕೆಗೆ ಇಳಿಸಿದ ಮೇಲೆ ತಲೆಗೆ ತಿಂಗಳಿಗೆ 5 ಡಾಲರ್, ಅದರ ಮೇಲಿನ ಯೋಜನೆಗೆ 10. ಹನ್ನೆರಡು ತಲೆಗೆ ಕಡಿಮೆಯದ್ದೇ ಹಿಡಿದರೂ ತಿಂಗಳಿಗೆ 60 ಡಾಲರ್, ಅಂದರೆ 5,100 ರೂಪಾಯಿ. ಇದು ಕಚೇರಿಗಳಿಗೆಂದು ಹೊಲಿದ ಅಂಗಿ. ಸಂಬಳ ಪಡೆದು ದಿನವೂ ಆಪ್ ತೆರೆಯುವ ನೌಕರರಿದ್ದರೆ ಆ ದರ ಜಾಸ್ತಿಯೇನಲ್ಲ. ನಮ್ಮಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿ ತನಕ ಮಾತ್ರ ಕೆಲಸ, ಅದರಲ್ಲೂ ಕೆಲವರು ತೆರೆಯುವುದು ವಾರಕ್ಕೊಮ್ಮೆ, ಬಟವಾಡೆಯ ದಿನ. ಒಂದೇ ಮನೆ, ಇಬ್ಬರೇ ಬಳಕೆದಾರರು ಎಂದಾದರೆ ಮಾತ್ರ ಕಣ್ಣುಮುಚ್ಚಿ ಇದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ.

ಎಂಐಟಿ ಆಪ್ ಇನ್ವೆಂಟರ್ ಪೂರ್ತಿ ಉಚಿತ. ಮಕ್ಕಳಿಗೆ ಕಲಿಸಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ಆಫ್‌ಲೈನ್‌ನಲ್ಲಿ ಬರೆದು ಆಮೇಲೆ ಕೂಡಿಸುವ ವ್ಯವಸ್ಥೆಯನ್ನೆಲ್ಲ ಕೈಯಾರೆ ಕಟ್ಟಬೇಕು. ಬಿಟ್ಟೆ.

ಕೊನೆಗೆ ನಿಂತದ್ದು ಫ್ಲಟರ್‌ಫ್ಲೋ ಮೇಲೆ. ಕಾರಣ ಒಂದೇ: ಅಲ್ಲಿ ಬಾಡಿಗೆ ಕಟ್ಟುವುದು ಆಪ್ ಕಟ್ಟುವವನು, ಬಳಸುವವರಲ್ಲ. ಪರದೆಗಳನ್ನು ಜೋಡಿಸಿ ಬ್ರೌಸರಿನಲ್ಲಿ ಪರೀಕ್ಷಿಸುವ ತನಕ ಪುಕ್ಕಟೆ. ಎಪಿಕೆ (ಫೋನಿಗೆ ಹಾಕುವ ಆಪಿನ ಫೈಲ್) ಅಥವಾ ಕೋಡ್ ಇಳಿಸಿಕೊಳ್ಳಬೇಕೆಂದರೆ ತಿಂಗಳಿಗೆ 39 ಡಾಲರ್. 3,315 ರೂಪಾಯಿ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಜಿಎಸ್‌ಟಿ ಸಂಖ್ಯೆ ಇಲ್ಲದ ನಮ್ಮಂಥವರಿಗೆ ವಿದೇಶಿ ಆನ್‌ಲೈನ್ ಸೇವೆಯ ಮೇಲೆ 18% ತೆರಿಗೆ ಇದೆ. ಅದರ ಮೇಲೆ ಕಾರ್ಡಿನವರು ವಿದೇಶಿ ವಿನಿಮಯಕ್ಕೆಂದು 3.5% ಹಿಡಿದುಕೊಂಡರೆ ನಾಲ್ಕು ಸಾವಿರ ದಾಟಿತು. ಆದ್ದರಿಂದ ಯೋಜನೆ ಹೀಗೆ: ಮಳೆಗಾಲವಿಡೀ ಪುಕ್ಕಟೆ ಖಾತೆಯಲ್ಲಿ ಕಟ್ಟುವುದು, ಸೆಪ್ಟೆಂಬರ್ ಒಂದು ತಿಂಗಳು ದುಡ್ಡು ಕೊಡುವುದು, ಕೋಡ್ ಇಳಿಸಿಕೊಳ್ಳುವುದು, ರದ್ದು ಮಾಡುವುದು.

ಆಗಸ್ಟ್

ಡೇಟಾಬೇಸ್, ಅಂದರೆ ಆಪಿನ ಲೆಕ್ಕವೆಲ್ಲ ಕೂಡಿಡುವ ಜಾಗ, ಗೂಗಲ್‌ನ ಫೈರ್‌ಸ್ಟೋರ್. ಪುಕ್ಕಟೆ ಯೋಜನೆಯಲ್ಲಿ ದಿನಕ್ಕೆ 50,000 ಓದು, 20,000 ಬರಹ, 1 ಜಿಬಿ ಜಾಗ. ಆರು ಮನೆಗೆ ಬೇಕಾದಷ್ಟಾಯಿತು ಎಂದು ಯಾರಾದರೂ ಹೇಳಿಯಾರು. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಮನೆಗೆ ಇಪ್ಪತ್ತು ಆಳು, ಅರವತ್ತು ದಿನದ ಕೆಲಸ ಎಂದರೆ ಸೀಸನ್ ಮುಗಿಯುವಾಗ 1,200 ನಮೂದು. ಬಾಕಿ ತೋರಿಸಲು ಆಪ್ ಪ್ರತಿ ಸಲವೂ ಅಷ್ಟನ್ನೂ ಓದಿ ಕೂಡಿದರೆ, ಹನ್ನೆರಡು ಜನ ದಿನಕ್ಕೆ ನಾಲ್ಕು ಸಲ ತೆರೆದಾಗ 57,600 ಓದು. ಮಿತಿ ದಾಟಿತು. ಪುಕ್ಕಟೆ ಯೋಜನೆಯಲ್ಲಿ ಮಿತಿ ದಾಟಿದರೆ ಬಿಲ್ ಬರುವುದಿಲ್ಲ, ಡೇಟಾಬೇಸ್ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಲೆಕ್ಕ ಮತ್ತೆ ಸೊನ್ನೆಯಾಗುವುದು ಅಮೆರಿಕದ ಪಶ್ಚಿಮ ತೀರದ ಮಧ್ಯರಾತ್ರಿಗೆ, ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ ಒಂದೂವರೆ. ಶನಿವಾರ ಬೆಳಿಗ್ಗೆ ಬಟವಾಡೆಗೆಂದು ಅಂಗಳದಲ್ಲಿ ನಿಂತವರಿಗೆ ಕ್ಯಾಲಿಫೋರ್ನಿಯಾದಲ್ಲಿ ಹನ್ನೆರಡು ಹೊಡೆಯಲಿ, ಕಾಯಿರಿ ಎನ್ನಲಾದೀತೇ?

ಹಾಗಾಗಿ ಪ್ರತಿ ಆಳಿನ ಹೆಸರಿನ ಜೊತೆಗೇ ಬಾಕಿ ಮೊತ್ತವನ್ನು ಇಟ್ಟೆ. ಹೊಸ ನಮೂದು ಬಂದಾಗ ಆ ಒಂದು ಅಂಕಿ ಏರುತ್ತದೆ, ಮುಂಗಡ ಕೊಟ್ಟರೆ ಇಳಿಯುತ್ತದೆ. ಮುಖಪುಟ ತೆರೆದರೆ ಓದುವುದು ಬರೀ ಇಪ್ಪತ್ತು ದಾಖಲೆ. ದಿನದ ಒಟ್ಟು ಸಾವಿರವನ್ನೂ ಮುಟ್ಟುವುದಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಹಳೇ ಬಾಕಿ ಓದಿ, ಕೂಡಿ, ಹೊಸದನ್ನು ಬರೆಯುವ ಟ್ರಾನ್ಸಾಕ್ಷನ್ ಕ್ರಮ ನೆಟ್‌ವರ್ಕ್ ಇಲ್ಲದೆ ನಡೆಯುವುದಿಲ್ಲ. ಅದರ ಬದಲು 'ಇನ್‌ಕ್ರಿಮೆಂಟ್' ಬಳಸಿದರೆ ಫೋನು 'ಇದಕ್ಕೆ 350 ಸೇರಿಸು' ಎಂಬ ಚೀಟಿಯನ್ನಷ್ಟೇ ಇಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ. ತೋಟದಲ್ಲಿ ಅಣ್ಣ, ಸುಲಿಯುವ ಚಪ್ಪರದಲ್ಲಿ ಅತ್ತಿಗೆ ಒಂದೇ ಹೊತ್ತಿಗೆ ಬರೆದರೂ ಎರಡೂ ಸೇರುತ್ತವೆ, ಒಂದರ ಮೇಲೊಂದು ಅಳಿಸಿಹೋಗುವುದಿಲ್ಲ. ಫ್ಲಟರ್‌ಫ್ಲೋದಲ್ಲಿ ಇದು ಮೆನುವಿನಲ್ಲಿರುವ ಒಂದು ಆಯ್ಕೆ, ಅಷ್ಟೇ.

ಲಾಗಿನ್‌ಗೆ ಒಟಿಪಿ ಬೇಡವೆಂದು ನಿಶ್ಚಯಿಸಿದೆ. ಫೈರ್‌ಸ್ಟೋರ್ ಸೇರಿರುವ ಗೂಗಲ್‌ನ ಫೈರ್‌ಬೇಸ್ ಸೇವೆಯ ಮೂಲಕ ಎಸ್‌ಎಂಎಸ್ ಕಳಿಸಲು 2024ರಿಂದೀಚೆಗೆ ಕಾರ್ಡು ಜೋಡಿಸಿದ ಯೋಜನೆಯೇ ಬೇಕು. ಬೇರೆ ಗೇಟ್‌ವೇ (ಎಸ್‌ಎಂಎಸ್ ಕಳಿಸಿಕೊಡುವ ಕಂಪನಿ) ಹಿಡಿದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದ ಡಿಎಲ್‌ಟಿ (ಎಸ್‌ಎಂಎಸ್ ಕಳಿಸುವ ಸಂಸ್ಥೆಗಳ ದಾಖಲೆ) ನೋಂದಣಿ, ಟೆಂಪ್ಲೇಟ್ (ಸಂದೇಶದ ಮಾದರಿ) ಒಪ್ಪಿಗೆ. ಹನ್ನೆರಡು ಜನರಿಗೆ ಅಷ್ಟು ಸಂಭ್ರಮ ಯಾಕೆ? ಗೂಗಲ್ ಖಾತೆಯ ಲಾಗಿನ್ ಸಾಕು, ಖರ್ಚೂ ಸೊನ್ನೆ.

ಸೆಪ್ಟೆಂಬರ್

ದುಡ್ಡು ಕಟ್ಟಿದ ತಿಂಗಳು. ಆಗಲೇ ಕನ್ನಡ ಕೈಕೊಟ್ಟಿತು.

ವಾರದ ಚೀಟಿಯನ್ನು ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಕಳಿಸುವ ಯೋಜನೆಯಿತ್ತು. ಪರದೆಯ ಮೇಲೆ ಮುದ್ದಾಗಿ ಕಾಣುತ್ತಿದ್ದ 'ಒಟ್ಟು ಮೊತ್ತ' ಪಿಡಿಎಫ್‌ನಲ್ಲಿ 'ಒಟ್‌ಟು ಮೊತ್‌ತ' ಆಗಿತ್ತು, 'ಡಬ್ಬ' ಹೋಗಿ 'ಡಬ್‌ಬ'. ಫಾಂಟ್ ಬದಲಿಸಿದರೂ ಅದೇ ಕತೆ, ಏಕೆಂದರೆ ತಪ್ಪು ಫಾಂಟಿನದ್ದಲ್ಲ. ಪಿಡಿಎಫ್ ಬರೆಯುವ ಲೈಬ್ರರಿ ಅಕ್ಷರಗಳನ್ನು ಒಂದೊಂದಾಗಿ ಸಾಲಿಗಿಡುತ್ತದೆಯೇ ಹೊರತು ಒತ್ತನ್ನು ಕೆಳಗೆ ಕೂರಿಸುವ ಶೇಪಿಂಗ್ ಕೆಲಸ ಮಾಡುವುದಿಲ್ಲ. ಪರದೆಯಲ್ಲಿ ಆ ಕೆಲಸವನ್ನು ಫ್ಲಟರ್‌ಫ್ಲೋದ ತಳದಲ್ಲಿರುವ ಫ್ಲಟರ್ ಎಂಜಿನ್ನೇ ಮಾಡಿಕೊಡುತ್ತದೆ. ಹಾಗಾದರೆ ಪಿಡಿಎಫ್ ಏಕೆ ಬೇಕು ಎಂದು ಚೀಟಿಯನ್ನು ಪರದೆಯಲ್ಲೇ ಬಿಡಿಸಿ, ಅದನ್ನೇ ಚಿತ್ರವಾಗಿ ಹಿಡಿದು ಕಳಿಸುವಂತೆ ಮಾಡಿದೆ. ಇದಕ್ಕೆ ಸಿದ್ಧ ಬಟನ್ ಇಲ್ಲ, ಫ್ಲಟರಿನ ಭಾಷೆಯಾದ ಡಾರ್ಟ್‌ನಲ್ಲಿ ಒಂದು ಕಸ್ಟಮ್ ಆ್ಯಕ್ಷನ್ (ನಮ್ಮದೇ ಕೋಡ್ ತುಣುಕು) ಬರೆಯಲೇಬೇಕು. ಕಾಸು ಹೋಗಲಿಲ್ಲ, ಸಂಜೆಗಳು ಹೋದವು. ಲೋ-ಕೋಡ್ ಅಗ್ಗ ಎನ್ನುವವರು ಇಂಗ್ಲಿಷ್ ಆಪ್ ಮಾಡಿದವರಿರಬೇಕು.

ಪ್ಲೇ ಸ್ಟೋರ್ ನೋಂದಣಿ 25 ಡಾಲರ್, ಒಂದೇ ಸಲ. ಆದರೆ 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳು ಆಪನ್ನು ಎಲ್ಲರಿಗೂ ತೆರೆಯುವ ಮುನ್ನ ಮುಚ್ಚಿದ ಪರೀಕ್ಷೆ (ಆಯ್ದ ಕೆಲವರಿಗಷ್ಟೇ ಆಪ್ ಕೊಟ್ಟು) ನಡೆಸಬೇಕು: ಕನಿಷ್ಠ 12 ಜನ, ಸತತ 14 ದಿನ. ಮೊದಲು 20 ಜನ ಬೇಕಿತ್ತು, 2024ರ ಕೊನೆಯಲ್ಲಿ ಇಳಿಸಿದರು. ನಮ್ಮಲ್ಲಿ ಹನ್ನೆರಡೇ ಜನ, ಅದರಲ್ಲಿ ಒಬ್ಬರದ್ದು ಐಫೋನ್. ನೆಂಟರಿಷ್ಟರನ್ನು ಸೇರಿಸಿದ್ದಾಯಿತು. ಊರಿನಲ್ಲಿ ಆಂಡ್ರಾಯ್ಡ್ ಫೋನಿಗೆ ಬರವಿಲ್ಲ, ಅದರೊಳಗಿನ ಜಿಮೇಲ್ ವಿಳಾಸ ತಮ್ಮದೇ ಯಾವುದೆಂದು ಗೊತ್ತಿರುವವರಿಗೆ ಬರ.

ಅಕ್ಟೋಬರ್

ಆಪ್ ಬಳಕೆಯಲ್ಲಿದೆ. ಚಂದಾ ರದ್ದಾಗಿದೆ. ಕೋಡ್ ನನ್ನ ಲ್ಯಾಪ್‌ಟಾಪಿನಲ್ಲಿದೆ, ಫ್ಲಟರ್ ಉಚಿತ, ಸಣ್ಣಪುಟ್ಟ ತಿದ್ದುಪಡಿ ಅಲ್ಲೇ ಮಾಡಿಕೊಳ್ಳಬಹುದು. ಒಂದು ತೊಡಕಿದೆ: ಕೈಯಾರೆ ತಿದ್ದಿದ ಕೋಡನ್ನು ಮತ್ತೆ ಫ್ಲಟರ್‌ಫ್ಲೋದ ಪರದೆ ಜೋಡಿಸುವ ಜಾಗಕ್ಕೆ ಹಾಕಲು ಬರುವುದಿಲ್ಲ. ಅದಕ್ಕೇ ಬೇಡಿಕೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕೂಡಿಡುತ್ತಿದ್ದೇನೆ. ಅರ್ಧ ದಿನದ ಕೂಲಿ, ಚಾಲಿ (ಒಣಗಿಸಿದ ಅಡಿಕೆ) ಸುಲಿತಕ್ಕೆ ಬೇರೆ ದರ, ಹೋದ ವರ್ಷದ ಬಾಕಿ ಮುಂದಕ್ಕೆ ತರುವುದು, ಎಲ್ಲ ಮುಂದಿನ ಮಳೆಗಾಲಕ್ಕೆ. ಆಗ ಇನ್ನೊಂದು ತಿಂಗಳ ಬಾಡಿಗೆ.

ಇಲ್ಲಿಯವರೆಗೆ ಕೈಯಿಂದ ಹೋದದ್ದು ಆ ಒಂದು ತಿಂಗಳ ಚಂದಾ ಮತ್ತು ಪ್ಲೇ ನೋಂದಣಿ, ತೆರಿಗೆ-ಕಮಿಷನ್ ಸೇರಿ ಆರೂವರೆ ಸಾವಿರದ ಆಸುಪಾಸು. ಮನೆಗೆ ಸಾವಿರದ ನೂರು ಚಿಲ್ಲರೆ ಬಿತ್ತು. ಮುಂದಿನ ವರ್ಷ ನೋಂದಣಿ ಇರುವುದಿಲ್ಲವಾದ್ದರಿಂದ ಇನ್ನೂ ಕಡಿಮೆ. ಆದರೆ ಪೂರ್ತಿ ಕೈಬಿಟ್ಟು ಕೂರುವಂತಿಲ್ಲ. ಹೊಸ ಆಂಡ್ರಾಯ್ಡ್ ಆವೃತ್ತಿಗೆ ತಕ್ಕಂತೆ ಆಪನ್ನು ಏರಿಸುತ್ತಿರಬೇಕೆಂದು ಗೂಗಲ್ ವರ್ಷವೂ ಗಡುವು ಕೊಡುತ್ತದೆ. ಏರಿಸದೆ ಬಿಟ್ಟರೆ ಕ್ರಮೇಣ ಹೊಸ ಫೋನುಗಳಿಗೆ ಆಪ್ ಸ್ಟೋರಿನಲ್ಲಿ ಕಾಣುವುದೇ ಇಲ್ಲ. ಬೇಡಿಕೆಗಳು, ಈ ಏರಿಸುವಿಕೆ ಎರಡೂ ಕೆಲಸವನ್ನು ಒಂದೇ ಬಾಡಿಗೆ ತಿಂಗಳಿಗೆ ಹೊಂದಿಸುವ ಲೆಕ್ಕಾಚಾರದಲ್ಲಿದ್ದೇನೆ.

ಉಳಿದಿರುವುದು ಆ ಐಫೋನ್ ಮನೆಯವರ ತಕರಾರು. ಆಪಲ್ ಡೆವಲಪರ್ ಸದಸ್ಯತ್ವ ವರ್ಷಕ್ಕೆ 99 ಡಾಲರ್, ಅದೂ ಪ್ರತಿ ವರ್ಷ. ಒಬ್ಬರಿಗಾಗಿ ಎಂಟು ಸಾವಿರ ಚಿಲ್ಲರೆ ಸುರಿಯಲು ನಾನು ಸಿದ್ಧನಿಲ್ಲ ಎಂದು ಹೇಳಿದ್ದೇನೆ. ಸದ್ಯಕ್ಕೆ ಅವರ ಮನೆಯ ನಮೂದನ್ನೆಲ್ಲ ಹಳೇ ಆಂಡ್ರಾಯ್ಡ್ ಫೋನಿನಲ್ಲಿ ಅವರ ತಾಯಿಯೇ ಹಾಕುತ್ತಿದ್ದಾರೆ, ಉಳಿದ ಐದು ಮನೆಗಿಂತ ಚೊಕ್ಕವಾಗಿ.