ಹಳೆ ಮಾರುತಿ 800: ಮಿಸ್ಸಿಂಗ್, ಮುರಿದ ಸ್ಟಡ್, ತೂತಾದ ಸೈಲೆನ್ಸರ್

ಏಪ್ರಿಲ್ ಕೊನೆ

ಕಾರು 1996ರ ಮಾರುತಿ 800. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಕಾರ್ಬೋರೇಟರ್, ನಾಲ್ಕು ಗೇರ್. ಅಪ್ಪಯ್ಯ ಹೊಸತಾಗಿ ಕೊಂಡದ್ದು, ಈಗ ನನ್ನ ಪಾಲಿಗೆ ಬಂದಿದೆ. ಕುಂದಾಪುರದ ಉಪ್ಪುಗಾಳಿ, ವರ್ಷಕ್ಕೆ ನಾಲ್ಕು ತಿಂಗಳ ಮಳೆ, ಮಣ್ಣಿನ ಅಂಗಳ. ಅಡಿಭಾಗ ಹೇಗಿದೆ ಅಂತ ಬೇರೆ ಹೇಳಬೇಕಾಗಿಲ್ಲ.

ತೊಂದರೆಗಳು ಹೀಗಿವೆ: ಐಡ್ಲಿಂಗಿನಲ್ಲಿ ಮಿಸ್ಸಿಂಗ್ ಆಗಿ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ, ಇಡೀ ಗಾಡಿ ಕುಲುಕುತ್ತದೆ, ಏರು ಸಿಕ್ಕಿದರೆ ಪುಲ್ಲಿಂಗ್ ಇಲ್ಲ, ಎಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಸೈಲೆನ್ಸರಿನಲ್ಲಿ ಫಟ್ ಫಟ್ ಅಂತ ಸಿಡಿಯುತ್ತದೆ. ಗ್ಲಾಸ್ ಏರಿಸಿ ಕೂತರೆ ಒಳಗೆ ಹೊಗೆಯ ವಾಸನೆ. ಎಮಿಷನ್ ಟೆಸ್ಟಿನಲ್ಲೂ ಫೇಲು. ಈ ಕಾಲದ ಗಾಡಿಗಳಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ 3 ಶೇಕಡ, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ನಮ್ಮದರ ಹೈಡ್ರೋಕಾರ್ಬನ್ 2300. ಅಂದರೆ ಒಳಗೆ ಹೋದ ಪೆಟ್ರೋಲಿನಲ್ಲಿ ಒಂದಿಷ್ಟು ಉರಿಯದೆ ಹಾಗೇ ಹೊರಗೆ ಬರುತ್ತಿದೆ.

ಆರ್‌ಸಿ ನವೀಕರಣ ಬೇರೆ ಹತ್ತಿರ ಬಂದಿದೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ ಶುಲ್ಕವೇ 10,000 ರೂಪಾಯಿ. ಅಷ್ಟು ಕಟ್ಟುವ ಗಾಡಿ ಸರಿಯಾಗಿ ಉಸಿರಾದರೂ ಆಡಲಿ.

ಒಂದು ಗ್ಯಾರೇಜಿಗೆ ಒಯ್ದದ್ದಾಯಿತು. ಸದ್ದು ಕೇಳಿ, ಒಂದು ಸ್ಪಾರ್ಕ್ ಪ್ಲಗ್ಗೂ ಬಿಚ್ಚದೆ, "ಬೋರು ಹೋಗಿದೆ ಮಾರಾಯ್ರೆ, ಎಂಜಿನ್ ಇಳಿಸಬೇಕು" ಅಂದರು. ಇರಬಹುದು. ಆದರೆ ಬೋರು, ಅಂದರೆ ಸಿಲಿಂಡರಿನ ಒಳಗೋಡೆ, ಸವೆದಿದೆಯೋ ಇಲ್ಲವೋ ಅಂತ ಹೇಳಲು ಕಂಪ್ರೆಶನ್ ಗೇಜ್ ಇದೆ, ಅದರ ಬೆಲೆ ಪಿಸ್ಟನ್ ಸೆಟ್ಟಿನ ಬೆಲೆಗಿಂತ ತುಂಬ ಕಡಿಮೆ.

ಮೇ ಮೊದಲು: ಕಂಪ್ರೆಶನ್

ಕಂಪ್ರೆಶನ್ ಅಂದರೆ ಪಿಸ್ಟನ್ ಮೇಲೇರುವಾಗ ಸಿಲಿಂಡರಿನೊಳಗೆ ಏಳುವ ಒತ್ತಡ. ಅದನ್ನು ಅಳೆಯಲು ಎಂಜಿನ್ ಬಿಸಿ ಮಾಡಿ, ಮೂರೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ಕಳಚಿ, ಎಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಎಕ್ಸಿಲರೇಟರ್ ಒತ್ತದಿದ್ದರೆ ಗಾಳಿ ಒಳಗೆ ಹೋಗದೆ ರೀಡಿಂಗ್ ಸುಳ್ಳು ಬರುತ್ತದೆ. ಬಂದದ್ದು ಇದು: ಒಂದನೆಯದು 160 ಪಿಎಸ್‌ಐ, ಎರಡನೆಯದು 155, ಮೂರನೆಯದು 105.

ಮೂರನೆಯದರಲ್ಲೇ ಕಳ್ಳ ಇದ್ದಾನೆ. ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿದರೆ 110. ಪಿಸ್ಟನ್ನಿನ ಸುತ್ತಲಿನ ರಿಂಗ್ ಸವೆದಿದ್ದರೆ ಆ ಆಯಿಲ್ ಸಂದು ಮುಚ್ಚಿ ಮುಳ್ಳು ಮೇಲಕ್ಕೆ ಜಿಗಿಯಬೇಕಿತ್ತು, ಜಿಗಿಯಲಿಲ್ಲ. ಎರಡು ಸಿಲಿಂಡರಿನ ನಡುವೆ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಪ್ಯಾಕಿಂಗ್ ಹೋಗಿದ್ದರೆ ಪಕ್ಕದ ಎರಡನೆಯದೂ ಕೆಳಗಿರಬೇಕಿತ್ತು, ಅದು ಗಟ್ಟಿಯಾಗಿದೆ. ಇನ್ನು ಉಳಿದದ್ದು ವಾಲ್ವ್, ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಗೆ ಹಾಕುವ ಬಾಗಿಲು.

ಮೇಲಿನ ಕವರ್ ತೆಗೆದೆ. ಈ ಎಂಜಿನ್ನಿಗೆ ಹೆಡ್ಡಿನ ಮೇಲೆ ಒಂದೇ ಕ್ಯಾಮ್, ಅದು ಆಡಿಸುವ, ವಾಲ್ವ್ ಒತ್ತುವ ರಾಕರಿನ ತುದಿಯಲ್ಲಿ ಸ್ಕ್ರೂ, ಲಾಕ್ ನಟ್. ಟ್ಯಾಪೆಟ್, ಅಂದರೆ ರಾಕರಿಗೂ ವಾಲ್ವಿಗೂ ನಡುವಿನ ಗ್ಯಾಪ್, ಅಡ್ಜಸ್ಟ್ ಮಾಡುವುದು ಸುಲಭ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಹಾಗಾಗಿ ಬೆಳಿಗ್ಗೆ ಕಾಫಿಗೂ ಮುಂಚೆ ಮಾಡಿದರೆ ಒಳ್ಳೆಯದು. ಪ್ಲಗ್ ಬಿಚ್ಚಿರುವಾಗ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಮೆಲ್ಲಗೆ ತಳ್ಳಿದರೆ ಪಿಸ್ಟನ್‌ಗಳನ್ನು ಆಡಿಸುವ ಕ್ರ್ಯಾಂಕ್ ತಿರುಗುತ್ತದೆ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-2. ಮೂರು ಸಿಲಿಂಡರ್ ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಕ್ರ್ಯಾಂಕ್ 240 ಡಿಗ್ರಿ ತಿರುಗಬೇಕು. ಪುಲ್ಲಿಯ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಮಾಡಿಕೊಂಡು, ಡಿಸ್ಟ್ರಿಬ್ಯೂಟರ್ ರೋಟರ್ ಯಾವ ವೈರಿನ ಕಡೆ ಮುಖ ಮಾಡಿದೆ ಅಂತ ನೋಡಿಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಮೂರನೆಯದರ ಎಕ್ಸಾಸ್ಟ್ ಟ್ಯಾಪೆಟ್ಟಿನಲ್ಲಿ ಗ್ಯಾಪೇ ಇಲ್ಲ. ಗ್ಯಾಪ್ ಅಳೆಯುವ ಫೀಲರ್ ಗೇಜಿನ 0.05 ಮಿಲಿಮೀಟರ್ ಎಲೆಯೂ ನುಗ್ಗಲಿಲ್ಲ. ವರ್ಷಗಟ್ಟಲೆ ಓಡಿ ವಾಲ್ವ್, ಅದರ ಸೀಟು ಎರಡೂ ಸವೆದಂತೆ ವಾಲ್ವಿನ ಕಾಂಡ ಮೇಲಕ್ಕೆ ಏರುತ್ತದೆ, ಗ್ಯಾಪು ಮುಚ್ಚಿಹೋಗುತ್ತದೆ. ಆಮೇಲೆ ಬಿಸಿಗೆ ಕಾಂಡ ಇನ್ನಷ್ಟು ಉದ್ದವಾದಾಗ ರಾಕರ್ ಅದನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸುವುದು ಬಹುಪಾಲು ಸೀಟಿಗೆ ಒತ್ತಿ ಕೂತಿರುವ ಹೊತ್ತಿನಲ್ಲಿ. ಕೂರಲು ಬಿಡದಿದ್ದರೆ ಅಂಚು ಸುಡುತ್ತದೆ, ಆಗ ನಿಜವಾಗಿ ಹೆಡ್ ಇಳಿಸಬೇಕು. ಟಕಟಕ ಅನ್ನುವ ಟ್ಯಾಪೆಟ್ಟಿಗೆ ಎಲ್ಲರೂ ಹೆದರುತ್ತಾರೆ. ನಾನು ಹೆದರುವುದು ಸದ್ದೇ ಮಾಡದ ಹಳೆ ಎಂಜಿನ್ನಿಗೆ.

ಆರೂ ವಾಲ್ವಿಗೆ ಮ್ಯಾನ್ಯುಯಲ್ಲಿನಲ್ಲಿ ಕೊಟ್ಟ ಅಳತೆಗೆ ಗ್ಯಾಪ್ ಇಟ್ಟೆ. ಮೂರನೆಯದು 140ಕ್ಕೆ ಬಂತು. ಸುಡುವ ಮೊದಲೇ ಸಿಕ್ಕಿದೆ ಅಂತ ಅರ್ಥ.

ಮೇ ಮಧ್ಯ: ಮ್ಯಾನಿಫೋಲ್ಡ್

ಕುಲುಕಾಟ ಮುಕ್ಕಾಲು ಪಾಲು ನಿಂತಿದೆ. ಫಟ್ ಫಟ್ ನಿಂತಿಲ್ಲ. ಅದರ ಜಾಡು ಬೇರೆ.

ಎಕ್ಸಾಸ್ಟಿನಲ್ಲಿ ಗಾಳಿ ಹೊರಗೆ ಮಾತ್ರ ಬರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಹೊಡೆತ ಹೊಡೆತವಾಗಿ ಬರುವುದು. ಎರಡು ಹೊಡೆತದ ನಡುವೆ ಪೈಪಿನ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯುತ್ತದೆ. ಆಗ ಲೀಕ್ ಇದ್ದ ಕಡೆಯಿಂದ ಹೊಸ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಕಾಲು ತೆಗೆದಾಗ ಉರಿಯದ ಪೆಟ್ರೋಲ್ ಆವಿ ಪೈಪಿಗೆ ಬಂದಿರುತ್ತದೆ, ಬಿಸಿ ಇದೆ, ಗಾಳಿಯೂ ಸಿಕ್ಕಿತು. ಸಿಡಿಯದೆ ಇನ್ನೇನು?

ಲೀಕ್ ಹುಡುಕಲು ಹೊಗೆ ಯಂತ್ರ ಬೇಡ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಪೈಪು ಬಿಸಿಯಾಗುವ ಮೊದಲು ಸಂದುಗಳಿಗೆ ಸೋಪಿನ ನೀರು ಚಿಮುಕಿಸಿ. ಇನ್ನೊಬ್ಬರು ದಪ್ಪ ಬಟ್ಟೆಯಿಂದ ಟೈಲ್ ಪೈಪನ್ನು ಒಂದು ಕ್ಷಣ ಒತ್ತಿ ಹಿಡಿದರೆ ಲೀಕ್ ಇದ್ದಲ್ಲಿ ಗುಳ್ಳೆ ಏಳುತ್ತದೆ, ಸುಸ್ ಅನ್ನುತ್ತದೆ. ಇದನ್ನು ಅಂಗಳದಲ್ಲೇ ಮಾಡಿ, ಶೆಡ್ಡಿನ ಒಳಗೆ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಒಳಗೆ ಬರುತ್ತಿದ್ದ ಹೊಗೆಗೆ ವಾಸನೆ ಇದ್ದದ್ದೇ ನಮ್ಮ ಪುಣ್ಯ.

ಗುಳ್ಳೆ ಎದ್ದದ್ದು ಮ್ಯಾನಿಫೋಲ್ಡ್, ಅಂದರೆ ಮೂರೂ ಸಿಲಿಂಡರಿನ ಹೊಗೆ ಒಟ್ಟು ಸೇರಿಸುವ ಕೊಳವೆ, ಅದರ ಪ್ಯಾಕಿಂಗಿನಲ್ಲಿ. ಹೀಟ್ ಶೀಲ್ಡ್ ತೆಗೆದಾಗ ಅದೇ ಜಾಗದಲ್ಲಿ ಕಪ್ಪು ಮಸಿಯ ಗೆರೆಯೂ ಇತ್ತು. ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿಡುವ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟ್) ಹಿಂದೆಂದೋ ಮುರಿದು, ಅಷ್ಟಕ್ಕೇ ಬಿಟ್ಟಿದ್ದಾರೆ. ಹೆಡ್ ಅಲ್ಯೂಮಿನಿಯಂ, ಮ್ಯಾನಿಫೋಲ್ಡ್ ಎರಕದ ಕಬ್ಬಿಣ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪ್ರತಿ ಸಲ ಗಾಡಿ ಬಿಸಿಯಾಗಿ ತಣಿಯುವಾಗಲೂ ಎರಡೂ ಒಂದರ ಮೇಲೊಂದು ಜಾರುತ್ತವೆ, ನಡುವೆ ಸಿಕ್ಕಿದ ಪ್ಯಾಕಿಂಗ್ ಮತ್ತು ಸ್ಟಡ್ ಒದ್ದಾಡುತ್ತವೆ.

ಉಳಿದ ನಟ್ಟುಗಳಿಗೆ ತುಕ್ಕು ಬಿಡಿಸುವ ಆಯಿಲ್ ಹಾಕಿ ರಾತ್ರಿ ಬಿಟ್ಟು, ಮರುದಿನ ಮತ್ತೆ ಹಾಕಿ, ಆಮೇಲೆ ರಿಂಗ್ ಸ್ಪಾನರಿನಿಂದ ಒಮ್ಮೆ ಬಿಗಿ, ಒಮ್ಮೆ ಸಡಿಲ, ಹೀಗೆ ಆಡಿಸುತ್ತ ಬಿಚ್ಚಿದೆ. ಆರು ಮೂಲೆಯ ಬಾಯಿಯದೇ ಬೇಕು. ಹನ್ನೆರಡು ಮೂಲೆಯದು ತುಕ್ಕು ಹಿಡಿದ ನಟ್ಟಿನ ಅಂಚನ್ನು ಉರುಟು ಮಾಡಿಬಿಡುತ್ತದೆ.

ಮುರಿದ ಸ್ಟಡ್ಡಿಗೆ ನಾನು ಕೈ ಹಾಕಲಿಲ್ಲ. ಮೂರು ಮಿಲಿಮೀಟರಿನಷ್ಟು ಹೊರಗೆ ಉಳಿದಿತ್ತು. ಗ್ರಿಲ್ ಕೆಲಸದ ವೆಲ್ಡಿಂಗ್ ಅಣ್ಣ ಮನೆಗೇ ಬಂದು ಅದರ ಮೇಲೆ ಒಂದು ನಟ್ ಇಟ್ಟು, ಒಳಗಿನಿಂದ ತುಂಬಿ ವೆಲ್ಡ್ ಮಾಡಿದರು. ಬ್ಯಾಟರಿಯ ಎರಡೂ ಟರ್ಮಿನಲ್, ಆಲ್ಟರ್ನೇಟರಿನ ಪ್ಲಗ್ ಮೊದಲೇ ಕಳಚಿದ್ದೆ, ಇಲ್ಲವಾದರೆ ಡಯೋಡ್ ಸುಡುವ ಭಯ. ವೆಲ್ಡಿಂಗಿನ ಬಿಸಿ ಸ್ಟಡ್ಡಿಗೆ ನೇರ ಇಳಿಯುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಹಿಗ್ಗಿ ಹಿಡಿತ ಬಿಡುತ್ತದೆ. ತುಸು ತಣಿದ ಮೇಲೆ ಸ್ಪಾನರ್ ಹಾಕಿದರೆ ಕಿರ್ ಅಂತ ಬಂದೇಬಿಟ್ಟಿತು. "ಡ್ರಿಲ್ ಹಾಕಿದ್ರೆ ಹೆಡ್ಡೇ ಹೋಗ್ತಿತ್ತು ಕಾಣಿ" ಅಂದರು ಅಣ್ಣ. ಅದು ನಿಜ. ಗಟ್ಟಿ ಸ್ಟಡ್, ಮೆತ್ತಗಿನ ಅಲ್ಯೂಮಿನಿಯಂ: ಡ್ರಿಲ್ ಬಿಟ್ ಯಾವಾಗಲೂ ಮೆತ್ತಗಿನ ಕಡೆಗೇ ಜಾರುವುದು.

ಹೊಸ ಸ್ಟಡ್, ಹೊಸ ಪ್ಯಾಕಿಂಗ್. ಹಳೇ ಪ್ಯಾಕಿಂಗಿಗೆ ಶೆಲ್ಯಾಕ್ ಬಳಿದು ಕೂರಿಸುವ ಚಾಳಿ ಬೇಡ, ಆ ಬಿಸಿಗೆ ಅದು ನಿಲ್ಲುವುದಿಲ್ಲ. ಮ್ಯಾನಿಫೋಲ್ಡ್ ಮುಖಕ್ಕೆ ಸ್ಕೇಲ್ ಇಟ್ಟು ಸೊಟ್ಟ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಹಂತ ಹಂತವಾಗಿ ಬಿಗಿದೆ. ಒಮ್ಮೆ ಬಿಸಿಯಾಗಿ ತಣಿದ ಮೇಲೆ ಇನ್ನೊಮ್ಮೆ ನೋಡಿದರೆ ಎರಡು ನಟ್ ಕಾಲು ಸುತ್ತು ತಿರುಗಿದವು.

ಮೇ ಕೊನೆ: ಸೈಲೆನ್ಸರ್

ಜಾಕ್ ನಂಬಿ ಕಾರಿನ ಅಡಿಗೆ ಹೋಗಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಆ ದಿನ ಬೇರೆ ಕೆಲಸ ಮಾಡಿ. ಕೆಂಪುಕಲ್ಲು ಇಡುವವರನ್ನೂ ಕಂಡಿದ್ದೇನೆ. ಅದು ಒಡೆಯುವ ಮೊದಲು ಸೂಚನೆ ಕೊಡುವುದಿಲ್ಲ.

ಸೈಲೆನ್ಸರಿನ ಕೆಳಹೊಲಿಗೆ ಸ್ಕ್ರೂಡ್ರೈವರ್ ತಾಗಿಸಿದರೆ ನೀರ್ ದೋಸೆಯ ಹಾಗೆ ತೂತು ತೂತು. ಉಪ್ಪುಗಾಳಿಯನ್ನು ಎಲ್ಲರೂ ಬೈಯುತ್ತಾರೆ, ಆದರೆ ಸೈಲೆನ್ಸರ್ ಹೆಚ್ಚಾಗಿ ಒಳಗಿನಿಂದ ಕೊಳೆಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿದರೆ ಪೈಪು ಕಾದು ಅದೆಲ್ಲ ಆವಿಯಾಗಿ ಹೋಗುತ್ತದೆ. ನಮ್ಮ ಗಾಡಿಯ ಓಟ ಪೇಟೆಗೆ, ಡೈರಿಗೆ, ದೇವಸ್ಥಾನಕ್ಕೆ. ಪೈಪು ಕಾಯುವಷ್ಟರಲ್ಲಿ ಮನೆ ಬರುತ್ತದೆ. ಆ ನೀರು ಸ್ವಲ್ಪ ಹುಳಿಯೂ ಇರುತ್ತದೆ, ತಳದಲ್ಲೇ ನಿಂತು ತಗಡನ್ನು ತಿನ್ನುತ್ತದೆ. ನೀರು ಇಳಿಯಲೆಂದು ತಳದಲ್ಲಿದ್ದ ಸಣ್ಣ ತೂತನ್ನು ಯಾರೋ ಲೀಕ್ ಅಂದುಕೊಂಡು ವೆಲ್ಡ್ ಮಾಡಿ ಮುಚ್ಚಿದ್ದರು.

ಪೇಸ್ಟು, ಬ್ಯಾಂಡೇಜು ಎಲ್ಲ ಘಾಟಿ ಹತ್ತಿ ಇಳಿಯುವವರೆಗೆ ಮಾತ್ರ. ಹಿಂದಿನ ಬಾಕ್ಸ್ ಹೊಸತು ತಂದೆ. ಮಂಗಳೂರಿನ ಗುಜರಿಯಲ್ಲಿ ಹಳೆಯದು ಸಿಗುತ್ತದೆ ಅಂದರು, ಆದರೆ ಬೇರೆಯವರ ತುಕ್ಕನ್ನು ದುಡ್ಡು ಕೊಟ್ಟು ತರುವುದರಲ್ಲಿ ಅರ್ಥವಿಲ್ಲ. ಮಧ್ಯದ ಪೈಪಿನಲ್ಲಿ ಒಂದು ಗೇಣು ಮಾತ್ರ ಕೆಟ್ಟಿತ್ತು, ಅಷ್ಟನ್ನು ಕತ್ತರಿಸಿ ಕಪ್ಪು ಎಂಎಸ್ (ಸಾದಾ ಉಕ್ಕಿನ) ಪೈಪಿನ ತುಂಡು ಸೇರಿಸಿದೆವು. ಜಿಐ (ಸತು ಲೇಪಿಸಿದ) ಪೈಪ್ ಬೇಡ ಅಂದೆ, ವೆಲ್ಡ್ ಮಾಡುವಾಗ ಏಳುವ ಸತುವಿನ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ರಬ್ಬರ್ ಹ್ಯಾಂಗರ್ ಎಲ್ಲ ಹೊಸತು. ಹ್ಯಾಂಗರ್ ಹರಿದಿದ್ದರೆ ಪೈಪಿನ ಭಾರವೆಲ್ಲ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ. ಆ ಸ್ಟಡ್ ಮುರಿಯಲು ಅದೂ ಒಂದು ಕಾರಣ ಇರಬೇಕು.

ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ್ದರಿಂದ ಖರ್ಚು ಉಳಿಯಿತು. 1995ರಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯವಾದದ್ದು ನಾಲ್ಕು ಮಹಾನಗರಗಳಲ್ಲಿ ಮಾತ್ರ.

ಜೂನ್, ಮಳೆ ಶುರು

ಪೆಟ್ರೋಲ್ ಪೈಪುಗಳು, ಕಾರ್ಬೋರೇಟರ್ ಕೆಳಗಿನ ಪ್ಯಾಕಿಂಗ್ ಬದಲಾಯಿಸಿದೆ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡ ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ, ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೇ ಜೆಟ್ಟಿಗೆ ಮಿಶ್ರಣ ತೆಳುವಾಗುತ್ತದೆ. ಮಿಕ್ಸ್ಚರ್ ಸ್ಕ್ರೂವನ್ನು ಸ್ವಲ್ಪ ಬಿಚ್ಚಬೇಕಾಯಿತು.

ಎಮಿಷನ್: ಕಾರ್ಬನ್ ಮೊನಾಕ್ಸೈಡ್ 1.6 ಶೇಕಡ, ಹೈಡ್ರೋಕಾರ್ಬನ್ 410. ಪೈಪಿನ ಲೀಕ್ ಮುಚ್ಚದೆ ಟೆಸ್ಟಿಗೆ ಹೋದರೆ ಹೊರಗಿನ ಗಾಳಿ ಬೆರೆತು ಅಂಕಿ ಕಡಿಮೆ ಕಾಣುತ್ತದೆ, ಅದನ್ನು ನಂಬಿ ಸ್ಕ್ರೂ ತಿರುಗಿಸಿದವರು ಕೆಟ್ಟರು. ಮೂರನೇ ಸಿಲಿಂಡರ್ ಈಗ 150. ಫಟ್ ಫಟ್ ಇಲ್ಲ. ಗ್ಲಾಸ್ ಏರಿಸಿ ಮಳೆಯಲ್ಲಿ ಹೊರಟರೆ ವಾಸನೆಯೂ ಇಲ್ಲ.

ಬಾಕಿ: ಡಿಸ್ಟ್ರಿಬ್ಯೂಟರ್ ಬುಡದಲ್ಲಿ ಆಯಿಲ್ ಒಸರುತ್ತಿದೆ, ಒ-ರಿಂಗ್ ತರಿಸಬೇಕು. ಟ್ಯಾಪೆಟ್ ಗ್ಯಾಪ್ ಐದು ಸಾವಿರ ಕಿಲೋಮೀಟರಿಗೆ ಇನ್ನೊಮ್ಮೆ ಅಳೆಯುತ್ತೇನೆ. ಮೂರನೆಯದು ಮತ್ತೆ ಮುಚ್ಚಿದ್ದರೆ ಹೆಡ್ ಇಳಿಸುವ ಮಾತು ಆಗ.