ಲಿಪ್‌ಸ್ಟಿಕ್ ಗಿಡದ ತೂಗುಬುಟ್ಟಿ: ಕಡ್ಡಿಯಿಂದ ಹೂವಿನವರೆಗೆ

ಗಿಡ: ಈಸ್ಕಿನಾಂಥಸ್ ರಾಡಿಕನ್ಸ್. ತವರು ಮಲಯ, ಸುಮಾತ್ರಾ, ಜಾವಾ, ಬೋರ್ನಿಯೊ ಕಡೆಯ ಮಳೆಕಾಡು. ಜಾಗ: ಬೆಂಗಳೂರಿನ ಪೂರ್ವದಿಕ್ಕಿನ ಬಾಲ್ಕನಿ, ಮೇಲೆ ಶೇ 50ರ ನೆರಳು ಬಲೆ.

ಇದೇ ಕುಲದ ಈಸ್ಕಿನಾಂಥಸ್ ಪೆರೊಟೆಟಿಯೈ ನಮ್ಮ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿದೆ. ಸೀತಾಳೆದಂಡೆಯ ಹಾಗೆ ಪಾಚಿ ಕಟ್ಟಿದ ಮರದ ಮೇಲೆ ಬೇರು ಬಿಟ್ಟು ಬೆಳೆಯುವ ಗಿಡ ಅದು. ಅದನ್ನು ಕಾಡಿನಿಂದ ಕಿತ್ತು ತರಬೇಡಿ, ನರ್ಸರಿಯ ರಾಡಿಕನ್ಸೇ ಸಾಕು. ಎರಡರ ಬೇರಿಗೂ ತೇವ ಬೇಕು, ಅದಕ್ಕಿಂತ ಹೆಚ್ಚಾಗಿ ಗಾಳಿ ಬೇಕು. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ನೆಟ್ಟ ಗಿಡ ಸಾಮಾನ್ಯವಾಗಿ ಮಳೆಗಾಲದಲ್ಲೇ ಕೊಳೆಯುತ್ತದೆ.

ಜೂನ್: ಹೂ, ಮೊಗ್ಗು ಇಲ್ಲದ ಕುಡಿಯಿಂದ 10–12 ಸೆಂ.ಮೀ. ಕಡ್ಡಿಗಳನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿದ್ದು. ಕೆಳಗಿನ ಎರಡು ಜೊತೆ ಎಲೆ ತೆಗೆದು, ಆ ಗೆಣ್ಣುಗಳು ಹುದುಗುವಂತೆ ನೆಟ್ಟಿದ್ದು. ಬೇರು ಬರುವುದು ಅಲ್ಲಿಂದಲೇ. ಮಿಶ್ರಣ: ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) 1, ಕಡಲೆಕಾಳಿನ ಗಾತ್ರದ ಇದ್ದಿಲು ಅರ್ಧ ಪಾಲು. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರುವುದರಿಂದ ನೀರು ತಿಳಿಯಾಗುವವರೆಗೆ ತೊಳೆಯಲೇಬೇಕು. ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ದಿನಕ್ಕೊಮ್ಮೆ ತೆರೆದು ಗಾಳಿ ಆಡಿಸಿದ್ದು. 24–26 ಡಿಗ್ರಿಯಲ್ಲಿ ಮೂರು-ನಾಲ್ಕು ವಾರಕ್ಕೆ ಬೇರು.

ಆಗಸ್ಟ್: 15 ಸೆಂ.ಮೀ. ಬುಟ್ಟಿಗೆ ಐದು ಗಿಡ. ಮೊದಲಿನ ಮಿಶ್ರಣಕ್ಕೇ ತೆಂಗಿನ ಸಿಪ್ಪೆಯ ಚೂರು 1 ಪಾಲು, ಎರೆಗೊಬ್ಬರ ಅರ್ಧ ಪಾಲು ಸೇರಿದೆ. ದೊಡ್ಡ ಬುಟ್ಟಿಯ ಆಸೆ ಬೇಡ: ಬೇರು ತಲುಪದ ಕಡೆ ಒದ್ದೆ ಉಳಿದು ಕೊಳೆ ಶುರುವಾಗುತ್ತದೆ, ಮೇಲಾಗಿ ಬೇರು ತುಸು ಇಕ್ಕಟ್ಟಾದರೇ ಹೂ ಚೆನ್ನ. ಕವಲೊಡೆಯಲೆಂದು ಕುಡಿ ಚಿವುಟಿದ್ದು.

ಸೆಪ್ಟೆಂಬರ್: ಎಲೆ ಮೆತ್ತಗಾಗಿ ಸುಕ್ಕುಗಟ್ಟಿವೆ. ಗೊಂದಲದ ಲಕ್ಷಣ ಇದು. ನೀರು ಸಾಲದಿದ್ದರೂ ಹೀಗೇ, ಬೇರು ಕೊಳೆತರೂ ಹೀಗೇ. ಬುಟ್ಟಿ ಎತ್ತಿ ನೋಡಬೇಕು. ಹಗುರವಿದ್ದರೆ ಬಾಯಾರಿಕೆ. ಭಾರವಿದ್ದೂ ಎಲೆ ಸುಕ್ಕಾಗಿದ್ದರೆ ಬೇರು ಬಿಡಿಸಿ, ಕಂದಾಗಿ ಮೆತ್ತಗಾದದ್ದನ್ನು ಕತ್ತರಿಸಿ ಹೊಸ ಮಿಶ್ರಣಕ್ಕೆ ಹಾಕಬೇಕು. ಇಲ್ಲಿ ಹಗುರವಿತ್ತು. ಮೇಲಿನ 2 ಸೆಂ.ಮೀ. ಒಣಗಿದ ಮೇಲೆ, ತಳದಿಂದ ಹರಿಯುವಷ್ಟು ನೀರು ಎಂಬುದೇ ಈಗಿನ ಕ್ರಮ. ಬೋರ್‌ವೆಲ್ ನೀರಾದರೆ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ, ತಿಂಗಳಿಗೊಮ್ಮೆ ಮಳೆನೀರಿನಿಂದ ತೊಳೆದುಹೋಗುವಂತೆ ಸುರಿಯುವುದು ಒಳ್ಳೆಯದು.

ಅಕ್ಟೋಬರ್: ಚಿವುಟುವುದು ಬಂದ್. ಮೊಗ್ಗು ಬರುವುದು ಕುಡಿಯಲ್ಲೇ. ಇನ್ನು ಚಿವುಟಿದರೆ ಹೂವನ್ನೇ ಚಿವುಟಿದಂತೆ. ಎಳೆ ಕುಡಿಯ ಸಂದಿಯಲ್ಲಿ ಹಿಟ್ಟು ತಿಗಣೆ ಕಂಡಿತು. ಲೀಟರ್ ನೀರಿಗೆ ಬೇವಿನ ಎಣ್ಣೆ 5 ಮಿ.ಲೀ., ದ್ರವ ಸೋಪು 1–2 ಮಿ.ಲೀ., ಸಂಜೆ ಹೊತ್ತು, ವಾರಕ್ಕೊಮ್ಮೆ.

ಡಿಸೆಂಬರ್–ಜನವರಿ: ರಾತ್ರಿ 15–16 ಡಿಗ್ರಿ. ಈ ತಂಪು ಮೊಗ್ಗಿಗೆ ಪ್ರೇರಣೆ. 10ಕ್ಕಿಂತ ಇಳಿದರೆ ಮಾತ್ರ ಎಲೆ ಉದುರುತ್ತದೆ. ನೀರು ಕಡಿಮೆ, ಗೊಬ್ಬರ ಇಲ್ಲ.

ಫೆಬ್ರವರಿ: ಕಡುನೇರಳೆ ಕೊಳವೆಗಳು ಹೊರಟಿವೆ. ಅವು ಪುಷ್ಪಪಾತ್ರೆ ಅಷ್ಟೇ, ಕೆಂಪು ಹೂ ಅದರೊಳಗಿಂದ ಆಮೇಲೆ ಇಣುಕುತ್ತದೆ. 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು) ಲೀಟರ್ ನೀರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ‘ಹೂ ಬರಿಸುವ’ ಬಾಟಲಿಗಳಿಗೆ ದುಡ್ಡು ಸುರಿಯುವ ಬದಲು ಬೆಳಕು ಸರಿಮಾಡಿ: ಗೆಣ್ಣುಗಳ ಅಂತರ ಉದ್ದವಾಗಿದ್ದರೆ ಬೆಳಕು ಸಾಲದು, ಎಲೆ ಕೆಂಪಗಾಗಿ ಅಂಚು ಸುಟ್ಟರೆ ಬಿಸಿಲು ಜಾಸ್ತಿ. ಮೊಗ್ಗಿರುವಾಗ ಬುಟ್ಟಿಯ ಜಾಗ ಬದಲಿಸಬಾರದು, ಪೂರ್ತಿ ಒಣಗಿಸಲೂ ಬಾರದು. ಎರಡರಲ್ಲೂ ಮೊಗ್ಗು ಉದುರುತ್ತದೆ.

ಮಾರ್ಚ್: ಹೂ ತುಂಬಿದೆ. ಕೆಂಪು ಭಾಗ ಉದುರಿದ ಮೇಲೂ ಖಾಲಿ ಕೊಳವೆ ಕೆಲಕಾಲ ಉಳಿಯುತ್ತದೆ, ರೋಗವಲ್ಲ. ಹೂವಿನ ಸುತ್ತು ಮುಗಿದೊಡನೆ ಉದ್ದದ ಬಳ್ಳಿಗಳನ್ನು 15 ಸೆಂ.ಮೀ.ಗೆ ಕತ್ತರಿಸುವುದಿದೆ, ಕತ್ತರಿಸಿದ ತುದಿಗಳು ಮುಂದಿನ ಬುಟ್ಟಿಗೆ.