ಸೇನೆಯ ಮಾಲು ಕೊಳ್ಳುವ ಮುನ್ನ

ಆನ್‌ಲೈನ್‌ನಲ್ಲಿ ‘ಆರ್ಮಿ ಸರ್‌ಪ್ಲಸ್’ (ಸೇನೆಗೆ ಬೇಡವಾದ ಮಾಲು) ಎಂದು ನೈಟ್ ವಿಷನ್, ಅಂದರೆ ಕತ್ತಲಲ್ಲೂ ಕಾಣಿಸುವ ದುರ್ಬೀನು ಕಂಡರೆ ಮೊದಲು ಅದರ ನಂಬರಿರುವ ಪ್ಲೇಟಿನ ಫೋಟೊ ಕೇಳಿ. ನೇಟೊ ಪದ್ಧತಿಯ ಸ್ಟಾಕ್ ನಂಬರಿನಲ್ಲಿ 13 ಅಂಕಿ ಇರುತ್ತವೆ. ಮೊದಲ ನಾಲ್ಕು ವರ್ಗ (5855 ಅಂದರೆ ನೈಟ್ ವಿಷನ್), ಮುಂದಿನ ಎರಡು ದೇಶ: 00 ಅಥವಾ 01 ಅಮೆರಿಕ, 72 ಭಾರತ. ಸೀರಿಯಲ್ ನಂಬರ್ ಉಜ್ಜಿದ್ದರೆ, ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿದ್ದರೆ ಕದ್ದ ಮಾಲಿರಬಹುದು, ಅಲ್ಲಿಗೇ ಕೈಬಿಡಿ. ಉಜ್ಜಿದ ಜಾಗ ಟಾರ್ಚನ್ನು ಓರೆಯಾಗಿ ಹಿಡಿದರೆ ಹೊಳೆಯುತ್ತದೆ.

ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಇಂಥ ಸೇನಾ ಮಾಲನ್ನು ಇಬೇ, ಕ್ರೇಗ್ಸ್‌ಲಿಸ್ಟ್ ಎಂಬ ಮಾರಾಟ ತಾಣಗಳಲ್ಲಿ ಗುಟ್ಟಾಗಿ ಕೊಂಡು ನೋಡಿತು. ಅದರ 2008ರ ವರದಿಯಂತೆ, ಸಿಕ್ಕ ಮಾಲಿನಲ್ಲಿ ನೈಟ್ ವಿಷನ್, ಎಫ್-14 ಯುದ್ಧವಿಮಾನದ ಬಿಡಿಭಾಗಗಳೂ ಇದ್ದವು!

ನಮ್ಮಲ್ಲಿ ಸೇನೆ ಬೇಡವೆಂದ ಸಾಮಾನು ಹೊರಬರುವ ಒಂದು ನೇರ ದಾರಿ ಸರ್ಕಾರಿ ಕಂಪನಿ ಎಂಎಸ್‌ಟಿಸಿಯ ಇ-ಹರಾಜು (ಆನ್‌ಲೈನ್ ಹರಾಜು). ಹರಾಜಿನ ಮಾಲು ಎಂದವರ ಬಳಿ ಡೆಲಿವರಿ ಆರ್ಡರ್ (ಮಾಲು ಒಯ್ಯಲು ಕೊಟ್ಟ ಪತ್ರ) ಇರಬೇಕು. ಬೆಂಗಳೂರಿನ ಸಂಡೇ ಬಜಾರಿನ ಬೂಟು, ಬ್ಯಾಗು ಬಹುಪಾಲು ಬರೀ ನಕಲು ಅನ್ನಿಸುತ್ತದೆ. ಲೆನ್ಸು, ರೇಡಿಯೊ ಸೆಟ್ಟಿನ ಮಾತೇ ಬೇರೆ, ಅವು ಕದ್ದ ಅಸಲಿ ಮಾಲೇ ಇರಬಹುದು. ಕದ್ದದ್ದೆಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 317ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು. ಅನುಮಾನ ಬಂದರೆ ಮಾರುವವನ ಜೊತೆ ವಾದಕ್ಕಿಳಿಯಬೇಡಿ, ಜಾಹೀರಾತು ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದು ಠಾಣೆಗೆ ಕೊಡಿ.